ಕರ ಕಟ್ಟಿದ ಸೋಮವಾರ

ಶಾವಿಗೆ ಮಣೆಯ ಮೇಲೆ ಕುಳಿತವಳು ನಡುವೆ ಏಳಬಾರದು. ಎದ್ದರೆ ಎಳೆ ಹರಿಯುತ್ತದೆ, ಹಿಟ್ಟು ಬಿರಿಯುತ್ತದೆ, ಕೆಳಗೆ ಕೋಲು ಹಿಡಿದು ಎಳೆ ತೆಗೆದುಕೊಳ್ಳುವ ನೆಗೆಣ್ಣಿಯ ಬಾಯಿ ತೆರೆಯುತ್ತದೆ. ಅಂದು ಸೋಮವಾರ ಮುಂಜಾನೆ ನಾನು ಮಣೆ ಏರಿ ಶಾವಿಗೆ ಹೊಸೆಯುತ್ತಿದ್ದೆ, ನೆಗೆಣ್ಣಿ ನೀಲವ್ವ ಕೆಳಗೆ ಕುಳಿತಿದ್ದಳು. ಆಗ ಊರಲ್ಲಿ ಡಂಗುರ ಸಾರುವ ಸಾಬಣ್ಣ ಹಲಗೆಯನ್ನು ಬಗಲಲ್ಲಿ ಅಮುಕಿಕೊಂಡು ಓಡುತ್ತ ಬಂದ.

"ಅಕ್ಕಾರ, ತುಂಬಿತ್ರಿ! ಪುರಸಭಿ ಅಂಗಳ ತುಂಬಿ ಹೋತ್ರಿ!"

"ಏನ್ ತುಂಬಿತೋ?"

"ಕರಾ ರೀ! ಮಂದಿ ಒಂದ ಸವನ ಬಂದು ಕರಾ ಕಟ್ಟಾಕತ್ತಾರ್ರಿ. ನಿಲ್ಲಾಕ ಜಾಗಾ ಇಲ್ರಿ!"

ನನಗೆ ಕಣ್ಣಲ್ಲಿ ನೀರೇ ಬಂತು. ನಮ್ಮನೆಯವರು ಆಗ ಪುರಸಭೆಯ ಅಧ್ಯಕ್ಷರು. ಜನ ಕರ ಕಟ್ಟುವುದಿಲ್ಲ, ಪುರಸಭೆಯ ಮಾತಿಗೆ ಕಿವಿಗೊಡುವುದಿಲ್ಲ ಎಂದು ಅವರು ತಿಂಗಳುಗಟ್ಟಲೆ ಸರಿಯಾಗಿ ಉಂಡಿರಲಿಲ್ಲ. ಕೂತಲ್ಲಿಂದಲೇ ದೇವರ ಮಾಡದ ಕಡೆ ತಿರುಗಿ, ಹಿಟ್ಟಿನ ಕೈಯನ್ನೇ ಜೋಡಿಸಿ, "ಶಿವನೇ, ನೀ ದೊಡ್ಡಾಂವ. ಮಂದಿಗೆ ಬುದ್ಧಿ ಕೊಟ್ಟಿ" ಅಂದೆ.

"ಯಾರ್ಯಾರು ಕಟ್ಟ್ಯಾರೋ ಸಾಬಣ್ಣ?"

"ಎಲ್ಲಾರೂ ರೀ. ಕೆಳಗಿನ ಓಣಿ ಗಂಗವ್ವ ಮುದುಕಿ ಎರಡ ಕಟ್ಟ್ಯಾಳ್ರಿ. ಒಂದು ಕೆಂದಂದು, ಒಂದು ಬಿಳೀದು."

ನೀಲವ್ವ ನನ್ನ ಮುಖ ನೋಡಿದಳು. ಪುರಸಭೆಗೆ ಕಟ್ಟುವ ಕರದಲ್ಲಿ ಕೆಂಪು ಬಿಳುಪು ಎಲ್ಲಿಂದ ಬಂತು?

"ಬಿಳೀ ಕರ ಭಾಳ ಮಸ್ತಿ ಐತ್ರಿ. ಅಧ್ಯಕ್ಷರ ಟೋಪಿ ತಿಂತ್ರಿ."

ನನ್ನ ಎಳೆ ಹರಿಯಿತು.

ಇದು ಹೇಗಾಯಿತೆಂದು ತಿಳಿಯಬೇಕಾದರೆ ನಮ್ಮ ಕೆಲಸ ಎಂಥದ್ದೆಂದು ಮೊದಲು ಹೇಳಬೇಕು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನಾನು ಪ್ರೆಸ್ಸಿನ ಕೆಲಸ ಬಿಟ್ಟೆ. ಈಗ ಪತ್ರಿಕೆಯ ಕೆಲಸಕ್ಕೆ ಸೇರುವ ಹುಡುಗಿಯರು ಬಂದು, "ಅಜ್ಜಿ, ಆಗ ಹೆಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರ ಹೆಸರು ಮಾತ್ರ ಬರೆಯುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಯಲ್ಲಿ ಒಂದೂರು ಅಂದುಕೊಳ್ಳಿ. ಯಾವ ಊರಿನವರನ್ನು ಕೇಳಿದರೂ ನಮ್ಮಲ್ಲಿ ಅಲ್ಲ, ಬಾಜೂ ಊರಲ್ಲಿ ಅನ್ನುತ್ತಾರೆ.

ನಾನು ಮನೆವಾರ್ತೆ ಮಾಡುವ ಹೆಂಗಸು. ಆದರೆ ಮನೆಯ ಮುಂದಿನ ಖೋಲಿಯಲ್ಲಿ ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರವಿತ್ತು. ಅಲ್ಲಿಂದ ನಮ್ಮನೆಯವರು 'ನಾಲ್ಕೂರು' ಎಂಬ ವಾರಪತ್ರಿಕೆ ಹೊರಡಿಸುತ್ತಿದ್ದರು. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕಟ್ಟು ಕೊಟ್ಟರೆ ನಾಲ್ಕೂ ತಾಲೂಕಿಗೆ ಮುಟ್ಟುತ್ತಿತ್ತು. ಸೀಟು ಸಿಗದವರು ಆ ಕಟ್ಟಿನ ಮೇಲೆಯೇ ಕೂರುತ್ತಿದ್ದರು. "ನಮ್ಮ ಪತ್ರಿಕೆಗೆ ಇಂಥಾ ಭದ್ರವಾದ ನೆಲೆ ಐತಿ" ಎಂದು ನಮ್ಮನೆಯವರು ನಗುತ್ತಿದ್ದರು. ಮೊಳೆ ಜೋಡಿಸುವವ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಾಗ, "ನಾಲ್ಕ ದಿನ ನೀ ಜೋಡಸು" ಎಂದರು. ಆ ನಾಲ್ಕು ದಿನ ನನ್ನ ಕಣ್ಣಿಗೆ ಪೊರೆ ಬರುವವರೆಗೆ ನಡೆಯಿತು.

ಮೊಳೆ ಅಂದರೆ ಸೀಸದ ಅಕ್ಷರ. ಒಂದೊಂದನ್ನೇ ಮರದ ಖಾನೆಯಿಂದ ಆರಿಸಿ, ತಲೆಕೆಳಗಾಗಿ, ಎಡದಿಂದ ಬಲಕ್ಕೆ ಜೋಡಿಸಬೇಕು. ಅಕ್ಕಿ ಆರಿಸಿದ ಕೈಗೆ ಅದೇನೂ ಕಠಿಣವಲ್ಲ. ಕಠಿಣವಾದದ್ದು ಬೇರೆ. ಗಂಡನ ಹೆಸರನ್ನು ಬಾಯಿಂದ ಹೇಳದ ಮನೆತನ ನಮ್ಮದು. ಕಡೆಯ ಪುಟದ ಕೆಳಗೆ 'ಪ್ರಕಾಶಕರು' ಎಂದು ಅವರ ಹೆಸರನ್ನು ಪ್ರತಿವಾರ ಜೋಡಿಸಬೇಕು. ಮೊದಲ ವಾರ ಆ ಸಾಲನ್ನು ಎಲ್ಲಕ್ಕೂ ಕಡೆಗೆ ಉಳಿಸಿಕೊಂಡೆ. ಆಮೇಲೆ ಒಂದು ಸಮಾಧಾನ ಕಂಡುಕೊಂಡೆ. ಮೊಳೆಯಲ್ಲಿ ಹೆಸರು ಉಲ್ಟಾ ಇರುತ್ತದೆ, ಉಲ್ಟಾ ಹೇಳಿದರೆ ಹೇಳಿದಂತಲ್ಲ. ಶಿವ ಸಣ್ಣ ಸಣ್ಣ ದಾರಿ ತೋರಿಸುತ್ತಾನೆ, ನಾವು ನೋಡಬೇಕು ಅಷ್ಟೆ.

ಅವರು ಅಧ್ಯಕ್ಷರಾದದ್ದು ಹೇಗೆ, ಯಾರು ಮತ ಹಾಕಿದರು ಎಂಬುದನ್ನು ಬಿಡುತ್ತೇನೆ, ಅದನ್ನು ಅವರೇ ಬೇಕಾದಷ್ಟು ಸಲ ಹೇಳಿದ್ದಾರೆ. ನನಗೆ ನೆನಪಿರುವುದು ಅವರ ಟೋಪಿ. ಬಿಳಿ ಟೋಪಿ ಹಾಕಿದರೆ ಅಧ್ಯಕ್ಷರು, ಟೋಪಿ ಗೂಟಕ್ಕೆ ಸಿಕ್ಕಿಸಿ ಕನ್ನಡಕ ಏರಿಸಿದರೆ ಸಂಪಾದಕರು. ಒಂದು ವಾರ ಸಂಪಾದಕರು ಬರೆದರು: "ಪೇಟೆಯ ಗಟಾರ ನಾರುತ್ತಿದೆ. ಅಧ್ಯಕ್ಷರು ನಿದ್ದೆ ಮಾಡುತ್ತಿದ್ದಾರೆಯೇ?" ಬರೆದು, ಊಟ ಮಾಡಿ, ಟೋಪಿ ಹಾಕಿಕೊಂಡು ಆಫೀಸಿಗೆ ಹೋಗಿ, ಅಲ್ಲಿಂದ ಸಂಪಾದಕರಿಗೆ ಉತ್ತರ ಕಳಿಸಿದರು: "ತಮ್ಮ ಟೀಕೆ ಅವಸರದ್ದು. ತನಿಖೆ ನಡೆದಿದೆ." ಎರಡನ್ನೂ ನಾನೇ ಜೋಡಿಸಿದೆ.

"ಅಲ್ರಿ, ನಿಮಗ ನೀವ ಜಗಳಾ ಆಡ್ತೀರಲ್ಲ, ಗಟಾರ ಯಾರು ಬಳೀಬೇಕು?" ಎಂದು ಕೇಳಿದೆ.

"ಸಂಪಾದಕರು ಇನ್ನೊಂದ ಸಲ ಜೋರಾಗಿ ಬರೀಲಿ ತಡಿ, ಅಧ್ಯಕ್ಷರು ಹೆದರ್ತಾರ" ಎಂದರು. ಹಾಗೆಯೇ ಆಯಿತು. ಎರಡನೆಯ ಲೇಖನಕ್ಕೆ ಅಧ್ಯಕ್ಷರು ಹೆದರಿ ಗಟಾರ ಬಳಿಸಿದರು.

ನಮ್ಮ ದೊಡ್ಡ ತೊಂದರೆ ಒತ್ತಕ್ಷರದ್ದು. 'ಅಕ್ಕ' ಅನ್ನಬೇಕಾದರೆ ಕ ಒಂದು ಮೊಳೆ, ಅದರ ಕೆಳಗಿನ ಒತ್ತು ಇನ್ನೊಂದು ಮೊಳೆ. ಒತ್ತುಗಳು ಸಾಸಿವೆಯಷ್ಟು. ಕೆಳಗೆ ಬಿದ್ದರೆ ಹುಡುಕಲು ಕಸಬರಿಗೆ ಬೇಕು. ಕೆಲವು ಖಾನೆಯಲ್ಲಿ ಸಾಲುತ್ತಿರಲಿಲ್ಲ, ಕೆಲವು ಬೇಡವಾದಲ್ಲಿ ಅಂಟಿಕೊಳ್ಳುತ್ತಿದ್ದವು. ಸಾಲೋಟಗಿಯ ನಿವೃತ್ತ ಮಾಸ್ತರರೊಬ್ಬರು ಶಾಲೆಯ ಸಮಾರಂಭದಲ್ಲಿ ಮಕ್ಕಳಿಗೆ ಕತೆ ಹೇಳಿದ ಸುದ್ದಿ ಬಂದಿತ್ತು. ಎಲ್ಲಿಂದಲೋ ಒಂದು ತ-ಒತ್ತು ಬಂದು ಕೂತಿತು. "ಮಾಸ್ತರರು ಒಂದು ಒಳ್ಳೆಯ ಕತ್ತೆ ಹೇಳಿದರು, ಮಕ್ಕಳು ಕತ್ತೆ ಕೇಳಿ ಸಂತೋಷಪಟ್ಟರು" ಎಂದು ಅಚ್ಚಾಯಿತು.

ಮಾಸ್ತರರು ಮರುದಿನದ ಬಸ್ಸಿಗೇ ಬಂದರು. ನಮ್ಮನೆಯವರು ಹಿತ್ತಲಿಗೆ ಸರಿದರು. ನಾನೇ ಎದುರು ಹೋದೆ.

"ಬಾಯಾರ, ನನ್ನ ಕತಿಗೆ ಇಷ್ಟ್ಯಾಕ ಒತ್ತು ಕೊಟ್ರಿ?" ಎಂದರು ಮಾಸ್ತರರು. "ನಮ್ಮೂರಾಗ ಕಲ್ಲಿನ ಮ್ಯಾಲೆ ಶಾಸನ ಕೊರದವನೂ ಇಂಥಾ ತಪ್ಪು ಮಾಡಿಲ್ರಿ."

"ಅವನಿಗೆ ವಾರಾ ವಾರಾ ಕೊರಿಯೂದಿರಲಿಲ್ರಿ ಮಾಸ್ತರ" ಎಂದೆ. ಅವರು ನಕ್ಕು ಒಳಗೆ ಬಂದು ಉಂಡು ಹೋದರು. ಬೇಳೆ ಬೆಂದಿಲ್ಲವೆಂದು ಮಾತ್ರ ಹೇಳಿದರು. ಅದು ನನ್ನ ತಪ್ಪಲ್ಲ, ನೀರಿನದು.

ಆ ನೀರಿನ ಮಾತು ಹೇಳಲೇಬೇಕು. ನಮ್ಮೂರ ಬಾವಿಗಳಲ್ಲಿ ಇದ್ದದ್ದೆಲ್ಲ ಸವಳು ನೀರು. ಸವಳು ನೀರಲ್ಲಿ ತೊಗರಿ ಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ. ಕಾಳು ಕಾಳಾಗಿ, ನೀರು ನೀರಾಗಿ, ಜಗಳವಾಡಿದ ಗಂಡ ಹೆಂಡಿರಂತೆ ಒಂದೇ ಗಡಿಗೆಯಲ್ಲಿ ಬೇರೆ ಬೇರೆ ನಿಲ್ಲುತ್ತದೆ. "ನಮ್ಮೂರಿಗೆ ಸೊಸಿಯಾಗಿ ಬಂದಾಕಿ ಮುಪ್ಪಾದರೂ ಬ್ಯಾಳಿ ಬೇಯಂಗಿಲ್ಲ" ಎಂದು ನೀಲವ್ವ ಅನ್ನುತ್ತಿದ್ದಳು. ಸಿಹಿ ನೀರು ಬೇಕೆಂದರೆ ಊರಾಚೆಯ ಬಾವಿಗೆ ನಡೆಯಬೇಕು. ಅಲ್ಲಿಂದ ಊರಿಗೆ ಕೊಳವೆ ಎಳೆದು, ಕೆಳಗಿನ ಓಣಿಗೂ ನಮ್ಮ ಓಣಿಗೂ ನಳ ಹಾಕಿಸಬೇಕೆಂಬುದು ನಮ್ಮನೆಯವರ ಕನಸು. ನಾನಂತೂ ಪ್ರತಿ ಸೋಮವಾರ ಅದೊಂದನ್ನೇ ಬೇಡುತ್ತಿದ್ದೆ. ಬಂಗಾರ ಕೇಳಲಿಲ್ಲ, ಬೇಯುವ ಬೇಳೆ ಕೇಳಿದೆ.

ಯೋಜನೆಯ ಕಾಗದ ಜಿಲ್ಲೆಗೆ ಹೋಗಿತ್ತು. ಅಷ್ಟರಲ್ಲಿ ಅಡತಿ ಅಂಗಡಿಯ ಚನಬಸಪ್ಪನವರು ಒಂದು ದೂರು ಕೊಟ್ಟರು. ಅವರೂ ಪುರಸಭೆಯ ಸದಸ್ಯರೇ, ಅಧ್ಯಕ್ಷರಾಗಬೇಕೆಂದಿದ್ದವರು. ಈ ಅಧ್ಯಕ್ಷರ ಮಾತನ್ನು ಊರಲ್ಲಿ ಯಾರೂ ಕೇಳುವುದಿಲ್ಲ, ಅವರ ಪತ್ರಿಕೆಯನ್ನು ಯಾರೂ ಓದುವುದಿಲ್ಲ, ಇಂಥವರ ಕೈಗೆ ನೀರಿನ ಯೋಜನೆ ಕೊಟ್ಟರೆ ಹಾಳು ಎಂಬುದು ಅವರ ದೂರು. ಇದನ್ನು ವಿಚಾರಿಸಲು ಜಿಲ್ಲೆಯ ಸಾಹೇಬರು ಸೋಮವಾರ ತಾವೇ ಬರುತ್ತಾರೆಂದು ಹೇಳಿಕಳಿಸಿದರು. ದೂರು ನಿಜವೆಂದು ಕಂಡರೆ ಪುರಸಭೆ ಬರಖಾಸ್ತು, ನಳವೂ ಹೋಯಿತು.

"ಸಾಹೇಬರು ಬರೂ ಹೊತ್ತಿಗೆ ಅಂಗಳದಾಗ ಮಂದಿ ಸಾಲ ಹಚ್ಚಿ ನಿಂತಿರಬೇಕು" ಎಂದರು ನಮ್ಮನೆಯವರು. "ಬೇವಿನ ಗಿಡದ ಕೆಳಗ ಮೇಜು ಹಾಕಿಸ್ತೇನಿ. ಎಲ್ಲಾರೂ ಅಲ್ಲೇ ಬಂದು ಮನಿಪಟ್ಟಿ ಕಟ್ಟಲಿ. ಅವರ ಕಣ್ಣಿಗೇ ಕಾಣಲಿ."

ನೋಡಿ, ಅವರೇ ಬಾಯಿಂದ ಪಟ್ಟಿ ಅಂದರು. ನಮ್ಮ ಕಡೆ ಪುರಸಭೆಗೆ ಕಟ್ಟುವುದಕ್ಕೆ ಪಟ್ಟಿ ಎಂದೇ ಹೆಸರು. ಆದರೆ ಬರೆಯಲು ಕೂತು ಟೋಪಿ ತೆಗೆದರೋ, ಸಂಪಾದಕರಾದರು. ಆಗ ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಹೊಸತು. ನಮ್ಮನೆಯವರಿಗೆ ಶುದ್ಧ ಕನ್ನಡದ ಹುಚ್ಚು ಹಿಡಿದಿತ್ತು. ಖುರ್ಚಿ ಹೋಗಿ ಆಸನ ಬಂತು, ಕಚೇರಿ ಹೋಗಿ ಕಾರ್ಯಾಲಯ ಬಂತು. ಒಂದು ದಿನ "ಚಹಾ ಅನ್ನೂದು ನಮ್ಮ ಮಾತಲ್ಲ" ಎಂದರು. "ಹಂಗಾದ್ರ ಕುಡಿಯೂದ ಬ್ಯಾಡ" ಎಂದು ಕಪ್ಪು ಎತ್ತಿಕೊಂಡು ಹೊರಟೆ. ಅವತ್ತಿನಿಂದ ಚಹಾ ಶುದ್ಧ ಕನ್ನಡವಾಯಿತು.

"ಪಟ್ಟಿ ಅನ್ನೂದು ಮರಾಠಿ" ಎಂದರು ಈಗ. "'ಕರ' ಅಂತ ಬರೀತೇನಿ. ಎಷ್ಟ ಚಂದ ಐತಿ ನೋಡು, ಎರಡ ಅಕ್ಷರ."

ನನಗೂ ಸಂತೋಷವೇ ಆಯಿತು. ಆ ವಾರ ಹೊಸ ಕಟ್ಟಡ, ಪಟ್ಟಾಧಿಕಾರ, ಹುಟ್ಟುಹಬ್ಬ ಎಂದು ಸುದ್ದಿಯೆಲ್ಲ ಟ-ಒತ್ತಿನದೇ. ಖಾನೆಯಲ್ಲಿ ಒಂದೇ ಒಂದು ಟ-ಒತ್ತು ಉಳಿದಿತ್ತು, ಅದು 'ಕಟ್ಟತಕ್ಕದ್ದು' ಎಂಬುದಕ್ಕೆ ಬೇಕು. ಪಟ್ಟಿಗೆ ಒತ್ತು ಎಲ್ಲಿಂದ ತರಲಿ? "ಶಿವನೂ ಕರನೇ ಬರೀ ಅಂತಾನ್ರಿ" ಎಂದೆ. ಮನೆಯಲ್ಲೆಲ್ಲ ವಾರವಿಡೀ ಕರ, ಕರ, ಕರ. ನಮ್ಮ ಕಿವಿಗೆ ಅದು ಎಷ್ಟು ಹೊಂದಿತೆಂದರೆ ಈ ಸೀಮೆಯಲ್ಲಿ ಆಕಳು ಹಾಕಿದ ಮರಿಗೂ, ಎಮ್ಮೆ ಹಾಕಿದ ಮರಿಗೂ ಹುಟ್ಟಿದಾರಭ್ಯ ಅದೇ ಹೆಸರಿದೆ ಎಂಬುದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾವು ಆಕಳು ಮಾರಿ ಅಚ್ಚಿನ ಯಂತ್ರ ಕೊಂಡವರು, ಅದೂ ಇರಬಹುದು.

ಅಚ್ಚಾದ ಸೂಚನೆ ಇದು: "ಎಲ್ಲ ನಾಗರಿಕರೂ ಸೋಮವಾರ ಮುಂಜಾನೆ ಪುರಸಭೆಯ ಅಂಗಳಕ್ಕೆ ಬಂದು ತಮ್ಮ ಕರ ಕಟ್ಟತಕ್ಕದ್ದು. ಸಣ್ಣ ಕರ, ದೊಡ್ಡ ಕರ ಎಂಬ ಭೇದವಿಲ್ಲ. ಹಳೆಯ ಕರ ಉಳಿಸಿಕೊಂಡವರು ಅದನ್ನು ಮೊದಲು ತರಬೇಕು. ಕರವಿಲ್ಲದ ಮನೆಗೆ ನಳವಿಲ್ಲ."

ಪತ್ರಿಕೆಯನ್ನು ಊರಲ್ಲಿ ಓದುವವ ಒಬ್ಬ, ಕೇಳುವವರು ಹತ್ತು ಜನ. ಕ್ಷೌರದ ಅಂಗಡಿಯಲ್ಲಿ ಓದಿದರು, ಚಹಾದ ಅಂಗಡಿಯಲ್ಲಿ ಓದಿದರು. ಯಾಕೆ, ಏನು ಎಂದು ಯಾರೂ ಕೇಳಲಿಲ್ಲ. ಸರಕಾರಕ್ಕೆ ಕರು ಯಾಕೆ ಬೇಕು ಎಂದರೆ, ಸರಕಾರಕ್ಕೆ ಏನು ಯಾಕೆ ಬೇಕೆಂದು ಯಾರಿಗೆ ತಿಳಿದಿದೆ? ನಳ ಕೊಡುತ್ತಾರಂತೆ, ಅಷ್ಟು ಸಾಕು. ಅಗರಖೇಡದಿಂದ ಒಬ್ಬರು ಕಾರ್ಡು ಬರೆದಿದ್ದರು: "ನಮ್ಮ ಎಮ್ಮೀ ಕರ ಕಾಲ ಕುಂಟತೈತಿ. ಮುಂದಿನ ವಾರ ತಂದರ ನಡೀತೈತೇನ್ರಿ?" ಕಾರ್ಡು ನಮ್ಮ ಕೈಗೆ ಬಂದದ್ದು ಬುಧವಾರ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಉಳಿದದ್ದನ್ನು ಸಾಬಣ್ಣ ಪೂರೈಸಿದ. ರವಿವಾರ ಸಂಜೆ ಓಣಿ ಓಣಿಗೆ ಹಲಗೆ ಬಾರಿಸಿ ಸಾರಿದ: "ಕೇಳ್ರೆಪೋ ಕೇಳ್ರಿ! ನಾಳಿ ಮುಂಜಾನಿ ಪುರಸಭಿ ಅಂಗಳದಾಗ ಎಲ್ಲಾರೂ ಕರಾ ಕಟ್ಟಬೇಕ್ರೆಪೋ! ಹಗ್ಗಾ ನಿಮ್ಮ ನಿಮ್ಮದ ತರಬೇಕ್ರೆಪೋ!"

ಹಗ್ಗದ ಮಾತು ಸೂಚನೆಯಲ್ಲಿ ಇರಲಿಲ್ಲ. ಆಮೇಲೆ ಕೇಳಿದಾಗ, "ಇಷ್ಟು ಕರಕ್ಕ ಪುರಸಭಿ ಹಗ್ಗಾ ಎಲ್ಲಿಂದ ತರತೈತ್ರಿ? ನಾನ ವಿಚಾರ ಮಾಡಿ ಸೇರಿಸಿದ್ನಿ" ಅಂದ. ಅಧ್ಯಕ್ಷರ ಹಿತ ಬಯಸಿದವ ಅವನು, ಬೈಯುವುದು ಹೇಗೆ?

ಹೀಗೆ ಸೋಮವಾರ ಬಂತು, ನನ್ನ ಎಳೆ ಹರಿಯಿತು. "ಏಳಬ್ಯಾಡ, ಹಿಟ್ಟು ಆರತೈತಿ!" ಎಂದು ನೀಲವ್ವ ಕೂಗಿದಳು. "ಒದ್ದಿ ಅರಿವಿ ಮುಚ್ಚು!" ಎಂದು ಹಿಟ್ಟಿನ ಕೈಯಲ್ಲೇ ಓಡಿದೆ. ಓಣಿಯ ತಿರುವಿನಲ್ಲೇ ಅಂಬಾ ಅಂಬಾ ಎಂದು ಕೇಳಿಸಿತು.

ಶಿವನೇ, ಏನು ನೋಟ! ಧ್ವಜದ ಕಂಬಕ್ಕೆ ಕರ, ಕಟ್ಟೆಯ ಕಂಬಿಗೆ ಕರ, ನೋಟೀಸು ಹಚ್ಚುವ ಹಲಗೆಯ ಕಾಲಿಗೆ ಕರ, ಕಾರಕೂನರ ಸೈಕಲ್ಲಿಗೆ ಒಂದು ಎಮ್ಮೆ ಕರ. ಅದು ಸೈಕಲ್ಲನ್ನೇ ಎಳೆದುಕೊಂಡು ತಿರುಗುತ್ತಿತ್ತು. ಬೇವಿನ ಗಿಡದ ಕೆಳಗಿನ ಮೇಜಿಗೆ ಬಿಳಿ ಅರಿವೆ ಹಾಸಿದ್ದರು, ಅದರ ಅರ್ಧ ಒಂದು ಕೆಂದ ಕರದ ಬಾಯಲ್ಲಿತ್ತು. ಕರವಿಲ್ಲದವರು ಬೀಗರ ಮನೆಯಿಂದ ಕಡ ತಂದಿದ್ದರು. ಒಂದು ಕರಕ್ಕೆ ಮೂರು ಮನೆಯವರು, "ಇದು ನಮ್ಮ ಹೆಸರಿಲೇ ಬರಕೋರಿ" ಎಂದು ಜಗಳಕ್ಕೆ ನಿಂತಿದ್ದರು. ಒಬ್ಬ ಆಡಿನ ಮರಿ ಹೊತ್ತುಕೊಂಡು, "ಮರಿ ನಡೀತೈತೇನ್ರಿ?" ಎಂದು ಎಲ್ಲರನ್ನೂ ಕೇಳುತ್ತಿದ್ದ. ಇಂಗಳೇಶ್ವರದ ರೈತನೊಬ್ಬ ಬಸ್ಸಿನಲ್ಲೇ ಕರ ತಂದಿದ್ದ. ಕಂಡಕ್ಟರು ಅದಕ್ಕೆ ಅರ್ಧ ಟಿಕೀಟು ಹರಿದಿದ್ದನಂತೆ. ಇನ್ನು ಬಾಗಿಲ ಹೊರಗೆ, ಮಕ್ಕಳನ್ನು ಕಳೆದುಕೊಂಡ ಆಕಳು ಎಮ್ಮೆಗಳ ಹಿಂಡು ನಿಂತು ಊರು ಹಾರುವಂತೆ ಒದರುತ್ತಿತ್ತು.

ಇದರ ನಡುವೆ ನಮ್ಮನೆಯವರು ಬರಿದಲೆಯಲ್ಲಿ ನಿಂತಿದ್ದರು. ಗಂಗವ್ವನ ಬಿಳಿ ಕರ ಎಳೆ ಮೇವು ತಿಂದಷ್ಟು ಸಮಾಧಾನದಿಂದ ಟೋಪಿಯನ್ನು ಅಗಿಯುತ್ತಿತ್ತು. ನನ್ನನ್ನು ಕಂಡು, "ಎರಡ ಅಕ್ಷರ, ಎಷ್ಟ ಚಂದ ಐತಿ ಅಂದಿದ್ನಿ" ಎಂದಷ್ಟೇ ಹೇಳಿದರು.

ಬಾಯಿ ತೆರೆದು ಏನಾದರೂ ಹೇಳುವಷ್ಟರಲ್ಲಿ ಜೀಪು ಬಂತು.

ಸಾಹೇಬರು ಮೈಸೂರು ಕಡೆಯವರು. ತೆಳ್ಳಗೆ, ಇಸ್ತ್ರಿ ಮುರಿಯದ ಪ್ಯಾಂಟು. ಆಕಳುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದರು. ಅವರ ಹಿಂದೆಯೇ ಚನಬಸಪ್ಪನವರು, ಮುಖದಲ್ಲಿ ದೀಪಾವಳಿ.

"ಏನ್ರೀ ಇದು? ಇವತ್ತು ಇಲ್ಲಿ ದನದ ಸಂತೆಯೇ?" ಎಂದರು ಸಾಹೇಬರು.

"ನೋಡ್ರಿ ಸಾಹೇಬ್ರ, ನಾ ಹೇಳಲಿಲ್ಲೇನ್ರಿ?" ಎಂದರು ಚನಬಸಪ್ಪನವರು. "ಪುರಸಭೀನ ಕೊಂಡವಾಡ ಮಾಡಿ ಕುಂತಾರ." ಕೊಂಡವಾಡ ಅಂದರೆ ತುಡುಗು ದನ ಕೂಡಿಹಾಕುವ ದೊಡ್ಡಿ.

ಉತ್ತರ ಕೊಟ್ಟವಳು ಗಂಗವ್ವ. ಮುದುಕಿ ಕೆಂದ ಕರದ ಹಗ್ಗ ಹಿಡಿದು ಸಾಹೇಬರ ಮುಂದೆಯೇ ಬಂದು ನಿಂತಳು. "ನಾ ಎರಡ ಕಟ್ಟೇನ್ರಿ ಸಾಹೇಬ್ರ. ನನಗ ನಳ ಯಾವಾಗ ಕೊಡ್ತೀರಿ?"

"ಏನು ಎರಡು ಕಟ್ಟಿದ್ದೀರಿ?"

"ಕರಾ ರೀ. ಕಟ್ಟ್ರಿ ಅಂತ ಪೇಪರದಾಗ ಬಂದಿತ್ತಲ್ರಿ? ಕಟ್ಟೇನಿ. ಹಗ್ಗಾನೂ ನಂದ."

ಸಾಹೇಬರಿಗೆ ಇನ್ನೂ ತಿಳಿಯಲಿಲ್ಲ. ಅವರ ಕಡೆ ಅದಕ್ಕೆ ಕರು ಅನ್ನುತ್ತಾರೆ. ಅವರು ಮೇಜಿನ ಹತ್ತಿರ ಬಂದು, "ಮೊದಲು ಒಂದು ಟೀ ಸಿಗುತ್ತದೆಯೇ?" ಎಂದು ಕೂತರು. ಕೂತ ಮೇಲೆ ಖುರ್ಚಿಯ ಕಾಲಿಗೂ ಒಂದು ಕಟ್ಟಿದ್ದಾರೆಂದು ಗೊತ್ತಾಯಿತು.

ಚಹಾದ ಅಂಗಡಿಗೆ ಹೋದ ಸಾಬಣ್ಣ ಖಾಲಿ ಕೈಯಲ್ಲಿ ಬಂದ. "ಊರಾಗ ಹಾಲ ಇಲ್ರಿ. ಕರಾ ಎಲ್ಲಾ ಇಲ್ಲೇ ಅದಾವು, ಆಕಳಾ ಸೊರೆ ಬಿಡವಲ್ಲವು."

ನನಗೆ ಏನನ್ನಿಸಿತೋ. ಹೊರಗೆ ತಾಯಿ ಒದರುತ್ತಿದೆ, ಒಳಗೆ ಮಗು ಒದರುತ್ತಿದೆ, ನಡುವೆ ದೊಡ್ಡ ಸಾಹೇಬರು ಚಹಾ ಇಲ್ಲದೆ ಕೂತಿದ್ದಾರೆ. ಸೆರಗು ಸಿಕ್ಕಿಸಿ, "ಗಂಗವ್ವಾ, ಕೆಂದ ಕರದ ತಾಯೀನ ಒಳಗ ಬಿಡು" ಎಂದೆ. ಆಕಳು ನುಗ್ಗಿ ಬಂದು ಕರವನ್ನು ನೆಕ್ಕಿತು. ಕರ ಎರಡು ಗುಟುಕು ಕುಡಿದೊಡನೆ ಗಂಗವ್ವ ಅದನ್ನು ಸರಿಸಿ ಹಿಡಿದಳು. ಪುರಸಭೆಯ ನೀರಿನ ತಂಬಿಗೆಯನ್ನೇ ಮೊಣಕಾಲ ನಡುವೆ ಇಟ್ಟುಕೊಂಡು, ಧ್ವಜದ ಕಂಬದ ಕೆಳಗೆ ಕೂತು ಹಾಲು ಹಿಂಡಿದೆ. ಯಂತ್ರ ಕೊಂಡ ಮೇಲೆ ಆಕಳ ಮೊಲೆ ಮುಟ್ಟಿರಲಿಲ್ಲ, ಆದರೆ ಕೈ ಮರೆತಿರಲಿಲ್ಲ. ಇದೂ ಶಿವನದೊಂದು ಉಪಕಾರವೆಂದು ಲೆಕ್ಕ ಹಿಡಿದೆ.

ಚಹಾ ಬಂತು, ಕೆನೆಗಟ್ಟಿದ್ದು. ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ತೆರೆದರು. "ಅಧ್ಯಕ್ಷರೇ, ಆ ಪತ್ರಿಕೆ ಕೊಡಿ."

ಸೂಚನೆಯನ್ನು ಒಮ್ಮೆ ಓದಿದರು. ಆಮೇಲೆ ಗಟ್ಟಿಯಾಗಿ ಓದಿದರು: "ಸಣ್ಣ ಕರ, ದೊಡ್ಡ ಕರ ಎಂಬ ಭೇದವಿಲ್ಲ..." ಕಾಗದದಿಂದ ಕಣ್ಣೆತ್ತಿ ಗಂಗವ್ವನ ಕರವನ್ನು ನೋಡಿದರು. ಮತ್ತೆ ಕಾಗದ ನೋಡಿದರು. ಬಸಿಯಲ್ಲಿ ಕಪ್ಪು ಕಟಕಟ ಅಂದಿತು.

"ಇದನ್ನು ಕೊಟ್ಟವರು ಯಾರು?"

"ಅಧ್ಯಕ್ಷರು ಸರ್" ಎಂದರು ನಮ್ಮನೆಯವರು.

"ಅಚ್ಚು ಹಾಕಿದವರು?"

ನಮ್ಮನೆಯವರ ಕೈ ಟೋಪಿ ತೆಗೆಯಲೆಂದು ತಲೆಗೆ ಹೋಯಿತು. ಟೋಪಿ ಇರಲಿಲ್ಲ. "ಸಂಪಾದಕರು ಸರ್. ಇಬ್ಬರೂ ಇಲ್ಲೇ ಅದೇವ್ರಿ."

ಸಾಹೇಬರು ನಗಲಿಲ್ಲ. ಫೈಲಿನಿಂದ ದೂರಿನ ಕಾಗದ ತೆಗೆದರು. ಇಗೋ, ನಳ ಹೋಯಿತು ಅಂದುಕೊಂಡೆ. ಜನರೂ ಸುಮ್ಮನಾದರು, ಕರಗಳು ಮಾತ್ರ ಆಗಲಿಲ್ಲ.

"'ಅಧ್ಯಕ್ಷರ ಮಾತನ್ನು ಊರಲ್ಲಿ ಒಬ್ಬರೂ ಕೇಳುವುದಿಲ್ಲ'" ಎಂದು ಸಾಹೇಬರು ಓದಿದರು. ಅಂಗಳವನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. "'ಅವರ ಪತ್ರಿಕೆಯನ್ನು ಯಾರೂ ಓದುವುದಿಲ್ಲ.'" ಮತ್ತೆ ನೋಡಿದರು. "ಇದು ನಿಮ್ಮ ಸಹಿಯೇ, ಚನಬಸಪ್ಪನವರೇ?"

"ಹೌದ್ರಿ. ಆದ್ರ ಇವರೆಲ್ಲಾ ತಿಳೀಲಾರದ ಮಂದಿರಿ..."

"ತಿಳೀಲಾರದ ಮಂದಿ?" ಗಂಗವ್ವನಿಗೆ ಉರಿಯಿತು. "ಸಾವುಕಾರ್ರ, ಆ ಹಿತ್ತಾಳಿ ಗಂಟಿ ಕಟ್ಟಿದ ಕರಾ ಯಾರದು ನೋಡ್ರಿ. ಎಲ್ಲಾರಕಿಂತ ಮೊದಲ ಬಂದೈತಿ. ನಿಮ್ಮ ಮನಿಯಾಕಿ ನಸಿಕನ್ಯಾಗ ಕಳಿಸ್ಯಾಳ. ಆಕೀಗೂ ಬ್ಯಾಳಿ ಬೇಯಬೇಕಲ್ಲ?"

ಕಟ್ಟೆಯ ಕಂಬಿಗೆ ಕಟ್ಟಿದ ಒಂದು ಮುದ್ದಾದ ಕರ ತನ್ನ ಯಜಮಾನನ ದನಿ ಗುರುತಿಸಿ ಗಂಟೆ ಅಲ್ಲಾಡಿಸಿ 'ಅಂಬಾ' ಅಂದಿತು.

ಮೊದಲು ನಕ್ಕವರು ಸಾಹೇಬರೇ. ಕಪ್ಪು ಮೇಜಿನ ಮೇಲೆ ಇಟ್ಟು, ಕರವಸ್ತ್ರ ತೆಗೆದು, ಇಸ್ತ್ರಿ ಮುರಿಯುವಂತೆ ನಕ್ಕರು. ಆಮೇಲೆ ಅಂಗಳವೆಲ್ಲ ನಕ್ಕಿತು. ಚನಬಸಪ್ಪನವರು ಸ್ವಲ್ಪ ಹೊತ್ತು ತಡೆದುಕೊಂಡರು. ಅವರ ಹೊಟ್ಟೆ ದೊಡ್ಡದು, ನಗು ಅಲ್ಲಿಂದಲೇ ಅಲ್ಲಾಡುತ್ತ ಮೇಲೆ ಬಂತು. "ನಮ್ಮಾಕಿ ನನಗೊಂದು ಮಾತ ಹೇಳಲಿಲ್ಲಲೇ" ಎಂದು ನಕ್ಕರು.

ಕರ ಎಂದರೆ ಪಟ್ಟಿ ಎಂದು ಕೊನೆಗೆ ಸಾಬಣ್ಣ ಹಲಗೆ ಬಾರಿಸಿ ತಿಳಿಸಬೇಕಾಯಿತು. "ಪಟ್ಟಿ ಅನ್ನಾಕ ಏನಾಗಿತ್ರಿ ರೋಗಾ!" ಎಂದು ಜನ ನಮ್ಮನೆಯವರನ್ನು ಬೈಯುತ್ತ ಕರ ಬಿಚ್ಚಿಕೊಂಡು ಹೋದರು. ಹೋದವರಲ್ಲಿ ಬಹಳಷ್ಟು ಜನ ಮಧ್ಯಾಹ್ನ ಪಟ್ಟಿ ಕಟ್ಟಲು ತಿರುಗಿ ಬಂದರು. ನಳದ ಆಸೆಗೆ ಕರುವನ್ನೇ ತಂದವರಿಗೆ ಪಟ್ಟಿ ಯಾವ ದೊಡ್ಡದು?

ಸಾಹೇಬರು ಜೀಪು ಹತ್ತುವಾಗ, "ಈ ಊರಿಗೆ ನೀರು ಬೇಕೋ ಬೇಡವೋ ಎಂದು ತಿಳಿಯಲು ಬಂದಿದ್ದೆ. ತಿಳಿಯಿತು. ಪುರಸಭೆ ಇರಲಿ, ಕೊಳವೆ ಬರಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಟೀ ಚೆನ್ನಾಗಿತ್ತಮ್ಮ" ಎಂದರು. ನಾನು ತಲೆ ಬಾಗಿಸಿದೆ. ಶುದ್ಧ ಕನ್ನಡದಲ್ಲಿ ಅದಕ್ಕೆ ಚಹಾ ಅನ್ನುತ್ತಾರೆಂದು ಹೇಳಬೇಕೆನ್ನಿಸಿತ್ತು, ಬಿಟ್ಟೆ.

ಮನೆಗೆ ಬಂದರೆ ನೀಲವ್ವ ಒಬ್ಬಳೇ ಮಣೆ ಏರಿ, ಎಳೆ ತೆಗೆದುಕೊಳ್ಳುವವರಿಲ್ಲದೆ ನೆಲದ ಮೇಲೆಲ್ಲ ಶಾವಿಗೆ ಇಳಿಬಿಟ್ಟಿದ್ದಳು. ಆ ವರ್ಷದ ಶಾವಿಗೆ ಚೂರು ಚೂರು. ಯಾರೂ ದೂರಲಿಲ್ಲ.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಮುಂದಿನ ವಾರವೇ ಟ-ಒತ್ತಿನ ಹೊಸ ಪೊಟ್ಟಣ ತರಿಸಿದೆವು. ಪಟ್ಟಿ ತಿರುಗಿ ಪಟ್ಟಿಯಾಯಿತು, ಖುರ್ಚಿಯೂ ಮನೆಗೆ ಬಂತು. ಯಾವ ಸೂಚನೆಯನ್ನೇ ಆಗಲಿ ಅಚ್ಚಿಗೆ ಹಾಕುವ ಮೊದಲು ನಮ್ಮನೆಯವರು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಕೇಳಿದವರು ಏಳಲು ಹೋದರೆ, "ಎಲ್ಲಿಗೆ ಹೊಂಟಿರಿ? ಏನ್ ತರಾಕ?" ಎಂದು ನಾನು ಕೇಳುತ್ತಿದ್ದೆ. ಈಗ ನೀವು ಹುಡುಗಿಯರು ಗುಂಡಿ ಒತ್ತಿದರೆ ಒತ್ತಕ್ಷರ ತಾನೇ ಬಂದು ಕೂರುತ್ತದೆ, ಮೊಳೆ ಹುಡುಕುವ ಕಸಬರಿಗೆ ಬೇಕಿಲ್ಲ. ಸಂತೋಷ. ಆದರೆ ಗಟ್ಟಿಯಾಗಿ ಓದುವುದನ್ನು ಬಿಡಬೇಡಿರಿ.

ಕೊಳವೆ ಬರಲು ತಡವಾಯಿತು, ಆದರೂ ಬಂತು. ನಮ್ಮ ಓಣಿಗೆ ನೀರು ಬಿಟ್ಟ ಮುಂಜಾನೆ ನಮ್ಮನೆಯವರು ಹೊಸ ಟೋಪಿ ಹಾಕಿಕೊಂಡು ಭಾಷಣ ಶುರು ಮಾಡಿದರು. ಚನಬಸಪ್ಪನವರು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಗಂಗವ್ವ ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ, ಆ ಬಿಳಿ ಕರಕ್ಕೆ ಮೊದಲ ಬೊಗಸೆ ನೀರು ಕುಡಿಸಿದಳು. ಅದು ಆಗ ಮಸ್ತಾದ ಹೋರಿಯಾಗಿತ್ತು, ಟೋಪಿಯನ್ನು ಬಹಳ ಹೊತ್ತು ನೋಡಿತು. ನಮ್ಮನೆಯವರು ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಭಾಷಣ ಮುಗಿಯುವವರೆಗೆ ನಿಲ್ಲಲಿಲ್ಲ. ಹೇಗೂ ಸಂಜೆ ಅದನ್ನೇ ಜೋಡಿಸಬೇಕಲ್ಲ. ಕೊಡ ತುಂಬಿಕೊಂಡು ಒಳಗೆ ಬಂದು, ಒಂದು ಸೇರು ತೊಗರಿ ಬೇಳೆ ತೊಳೆದು ಒಲೆಯ ಮೇಲಿಟ್ಟೆ. ನೀಲವ್ವನೂ ಬಂದು ಪಕ್ಕದಲ್ಲಿ ಕೂತಳು. ಒಂದು ಕುದಿ ಬಂತು, ಎರಡನೆಯ ಕುದಿ ಬಂತು. ಸೌಟಿನಲ್ಲಿ ಒಂದು ಕಾಳು ಎತ್ತಿ ಬೆರಳಲ್ಲಿ ಹಿಚುಕಿದೆ. ಬೆಣ್ಣೆ.

"ಬೆಂತಾ?" ಎಂದಳು ನೀಲವ್ವ.

"ಬೆಂತು" ಎಂದು ದೇವರ ಮಾಡದ ಕಡೆ ಒಮ್ಮೆ ನೋಡಿ, ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯಲು ಕೂತೆ.